ಮಗಳ ಮೊದಲ ರೋಬೋಟ್: ಎಸ್.ಪಿ. ರಸ್ತೆಯಲ್ಲಿ ಸಿಗುವುದು ಒಂದೇ ದಿನ, ಏನೇನು ಕೊಳ್ಳಲಿ?

ಸಾಗರದ ಅಮ್ಮ (ಸೋಮವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎಂಟನೆಯ ತರಗತಿ, ಕನ್ನಡ ಮಾಧ್ಯಮ. ಎದುರಿಗೆ ಗೋಡೆ ಬಂದರೆ ತಾನೇ ನಿಂತು ಬೇರೆ ಕಡೆಗೆ ತಿರುಗುವ ಸಣ್ಣ ರೋಬೋಟ್ ಗಾಡಿ ಮಾಡಬೇಕೆಂದು ಹಟ ಹಿಡಿದಿದ್ದಾಳೆ. ಡಿಸೆಂಬರ್‌ನಲ್ಲಿ ಶಾಲೆಯ ವಿಜ್ಞಾನ ವಸ್ತುಪ್ರದರ್ಶನವಿದೆ. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು, ಎಲೆಕ್ಟ್ರಾನಿಕ್ಸ್ ನನಗೂ ಹೊಸದು. ಎರಡು ತಿಂಗಳಿನಿಂದ ಇಬ್ಬರೂ ಕುಳಿತು ವಿಡಿಯೊ ನೋಡಿ ಒಂದು ನೋಟ್‌ಬುಕ್ ತುಂಬ ಬರೆದುಕೊಂಡಿದ್ದೇವೆ.

ತೊಡಕಿರುವುದು ಬಿಡಿಭಾಗಗಳಲ್ಲಿ. ಇಲ್ಲಿನ ಅಂಗಡಿಯಲ್ಲಿ ಮೋಟರ್ ಕೇಳಿದರೆ ಪಂಪ್‌ಸೆಟ್ ತೋರಿಸುತ್ತಾರೆ. ಒಂದು ಆನ್‌ಲೈನ್ ಅಂಗಡಿಯಿಂದ 2,200 ರೂಪಾಯಿಯ ‘ಸಂಪೂರ್ಣ ರೋಬೋಟ್ ಕಿಟ್’ ತರಿಸಿದ್ದೆ. ಒಂದು ಮೋಟರಿನ ಗೇರ್ ಮುರಿದಿತ್ತು, ಕೈಪಿಡಿಯೇ ಇರಲಿಲ್ಲ. ಹದಿನೈದು ದಿನ ಜಗಳವಾಡಿ ಹಣ ವಾಪಸು ಪಡೆದೆ. ಮುಂದಿನ ಭಾನುವಾರ ಬೆಂಗಳೂರಿನಲ್ಲಿ ನೆಂಟರ ಮದುವೆ. ಮದುವೆ ಮುಗಿಸಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗೋಣವೆಂದಿದ್ದೇನೆ. ಕೈಯಲ್ಲಿ 2,500 ರೂಪಾಯಿ ಇದೆ. ಏನು ಕೊಳ್ಳಲಿ, ಹೇಗೆ ಕೇಳಲಿ? ಮರೆತರೆ ಇನ್ನೊಮ್ಮೆ ಬರುವುದು ಸುಲಭವಲ್ಲ.

ಚಿಕ್ಕಪೇಟೆ ಗಿರಾಕಿ

ಮೇಡಂ, ಮೊದಲು ದಿನ ಬದಲಾಯಿಸಿ! ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಬಾಗಿಲು ತೆಗೆಯುವುದಿಲ್ಲ. ಶನಿವಾರವೇ ಬನ್ನಿ. ತಾಳಗುಪ್ಪ ಕಡೆಯ ರಾತ್ರಿ ರೈಲಿಗೆ ಬಂದರೆ ಬೆಳಗಿನ ಜಾವ ಇಳಿಯುತ್ತೀರಿ, ಅಂಗಡಿ ತೆರೆಯುವುದು ಹತ್ತೂವರೆ ಹನ್ನೊಂದಕ್ಕೆ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಒಂದೇ ನಿಲ್ದಾಣ, ಚಿಕ್ಕಪೇಟೆ. ಅಲ್ಲಿಂದ ನಡೆದುಕೊಂಡೇ ಹೋಗಬಹುದು.

ಸಾದರ ಪತ್ರಪ್ಪ ರಸ್ತೆಗೆ (ಎಸ್.ಪಿ. ರಸ್ತೆಯ ಪೂರ್ಣ ಹೆಸರು ಇದೇ) ಕಾಲಿಟ್ಟ ಕೂಡಲೇ ಕಾಣುವುದು ಕಂಪ್ಯೂಟರ್, ಸಿಸಿಟಿವಿ ಅಂಗಡಿಗಳು. ಅವರ ಬಳಿ ನಿಮಗೆ ಬೇಕಾದದ್ದು ಇರುವುದಿಲ್ಲ. ಬಿಡಿಭಾಗದವರು ಒಳಗಿನ ಗಲ್ಲಿಗಳಲ್ಲಿ, ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲಿನ ಮಹಡಿಗಳಲ್ಲಿ ಇರುತ್ತಾರೆ. ‘ರೋಬೋಟ್‌ಗೆ ಸಾಮಾನು ಬೇಕು’ ಎಂದು ಕೇಳಬೇಡಿ, ತಮಗೆ ಲಾಭವಿರುವುದನ್ನೆಲ್ಲ ಕಟ್ಟಿಕೊಡುತ್ತಾರೆ. ಭಾಗದ ನಂಬರ್ ಹೇಳಿ. ಚೀಟಿಯಲ್ಲಿ ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಒಂದು ಚೀಟಿಯನ್ನು ಮೂರು ಅಂಗಡಿಗೆ ತೋರಿಸಿ ಬೆಲೆ ಬರೆಸಿಕೊಂಡು, ಆಮೇಲೆ ಕೊಳ್ಳಿ.

ಪಿನ್ 13

ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ ಅಕ್ಕ: ಆರ್ಡುಯಿನೊ ಯುನೊ ಆರ್3 ಬೋರ್ಡ್ (ಪ್ರೋಗ್ರಾಂ ಹಾಕುವ ಪುಟ್ಟ ಕಂಪ್ಯೂಟರ್, ಗಾಡಿಯ ಮೆದುಳು) ಕೇಬಲ್ ಸಮೇತ, ಎಲ್298ಎನ್ ಮೋಟರ್ ಡ್ರೈವರ್ (ಬೋರ್ಡ್ ಹೇಳಿದಂತೆ ಮೋಟರಿಗೆ ಕರೆಂಟ್ ಕೊಡುವುದು), ಎಚ್‌ಸಿ-ಎಸ್‌ಆರ್04 ಅಲ್ಟ್ರಾಸೋನಿಕ್ ಸೆನ್ಸರ್ (ಶಬ್ದದಿಂದ ದೂರ ಅಳೆಯುವುದು), ಎಸ್‌ಜಿ90 ಸರ್ವೊ (ಸೆನ್ಸರನ್ನು ಎಡಬಲಕ್ಕೆ ತಿರುಗಿಸುವ ಪುಟ್ಟ ಮೋಟರ್), ಎರಡು ಚಕ್ರದ ಚಾಸಿ, ಅಂದರೆ ಗಾಡಿಯ ಚೌಕಟ್ಟಿನ ಸೆಟ್ (ಗೇರ್ ಇರುವ ಎರಡು ಹಳದಿ ಬಿಒ ಮೋಟರ್, ಎಲ್ಲ ಕಡೆಗೂ ತಿರುಗುವ ಒಂದು ಕ್ಯಾಸ್ಟರ್ ಚಕ್ರ ಅದರಲ್ಲೇ ಬರುತ್ತವೆ), ಜಂಪರ್ ವೈರ್ (ಬೆಸುಗೆಯಿಲ್ಲದೆ ಚುಚ್ಚಿ ಜೋಡಿಸುವ ವೈರ್), ಬ್ಯಾಟರಿ ಹೋಲ್ಡರ್, ಒಂದು ಸ್ವಿಚ್.

ಸೆನ್ಸರ್ ಮಾತ್ರ ಎರಡು ತೆಗೆದುಕೊಳ್ಳಿ. ಅದರಲ್ಲಿ ಒಂದು ಕೆಟ್ಟಿರುವುದು ಅಪರೂಪವೇನಲ್ಲ, ನೀವು ಹಿಂದಿರುಗಿಸಲು ಸಾಗರದಿಂದ ಬರಲಾಗುವುದಿಲ್ಲ. ಜಂಪರ್ ವೈರ್‌ನಲ್ಲಿ ಎರಡೂ ತುದಿ ಗಂಡು (ಚುಚ್ಚುವ ಪಿನ್) ಇರುವುದು, ಒಂದು ಗಂಡು ಒಂದು ಹೆಣ್ಣು (ಪಿನ್ ಕೂರುವ ತೂತು) ಇರುವುದು, ಎರಡೂ ಬೇಕು. ಎಲ್298ಎನ್ ಬೋರ್ಡಿನಲ್ಲಿ ಪಿನ್‌ಗಳು ಹೊರಕ್ಕೆ ಚಾಚಿಕೊಂಡಿರುತ್ತವೆ, ಅಲ್ಲಿಗೆ ಹೆಣ್ಣು ತುದಿಯೇ ಬೇಕು. ನನ್ನ ಮೊದಲ ಗಾಡಿ ಮೂರು ವಾರ ನಿಂತಿದ್ದು ಇದೊಂದು ವೈರ್ ಇಲ್ಲದೆ.

ಪೀಣ್ಯ ಬೆಂಚ್

2025ರ ಆಚೆಗೂ ಎಲ್298ಎನ್ ಹೇಳುತ್ತಿದ್ದೀರಲ್ಲ! ಅದು ಹಳೆಯ ಟ್ರಾನ್ಸಿಸ್ಟರ್ ತಂತ್ರದ ಚಿಪ್. ಸುಮಾರು 2 ವೋಲ್ಟನ್ನು ತಾನೇ ತಿಂದು ಬಿಸಿಯಾಗಿ ಹೊರಗೆ ಬಿಡುತ್ತದೆ, ಅದಕ್ಕೇ ಅಷ್ಟು ದೊಡ್ಡ ಅಲ್ಯೂಮಿನಿಯಂ ರೆಕ್ಕೆ. ಟಿಬಿ6612ಎಫ್‌ಎನ್‌ಜಿ ತೆಗೆದುಕೊಳ್ಳಿ. ಉಗುರಿನಷ್ಟಿದೆ, ಪ್ರತಿ ಮೋಟರಿಗೆ 1.2 ಆಂಪಿಯರ್ ಕೊಡುತ್ತದೆ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಪಿನ್ 13

ತಾಂತ್ರಿಕವಾಗಿ ನೀವು ಹೇಳುವುದು ಸರಿ ಸರ್. ಆದರೆ ಟಿಬಿ6612 ಬೋರ್ಡಿಗೆ ಪಿನ್ ಸಾಲನ್ನು ನಾವೇ ಬೆಸುಗೆ ಹಾಕಬೇಕಾಗುತ್ತದೆ. ಎಂಟನೆಯ ತರಗತಿಯ ಹುಡುಗಿ, ಮನೆಯಲ್ಲಿ ಸೋಲ್ಡರಿಂಗ್ ಐರನ್ ಇಲ್ಲ. ಎಲ್298ಎನ್‌ಗೆ ಸ್ಕ್ರೂ ಇದೆ, ವೈರ್ ತೂರಿಸಿ ಬಿಗಿ ಮಾಡಿದರೆ ಮುಗಿಯಿತು. ತಪ್ಪು ಜೋಡಿಸಿದರೂ ಅಷ್ಟು ಬೇಗ ಸುಡುವುದಿಲ್ಲ. ಮೊದಲ ರೋಬೋಟಿಗೆ ದಕ್ಷತೆಗಿಂತ ತಾಳಿಕೆ ಮುಖ್ಯ.

ಪೀಣ್ಯ ಬೆಂಚ್

ಬೆಸುಗೆ ಕಲಿಯುವುದೂ ರೋಬೋಟಿನ ಪಾಠವೇ ಅಲ್ಲವೇ? ಎಲ್ಲವನ್ನೂ ಸ್ಕ್ರೂವಿನಲ್ಲೇ ಮುಗಿಸಿದರೆ ಮಗು ಏನು ಕಲಿತಂತಾಯಿತು?

ಹಳೆಯ ರೇಡಿಯೊ

ಇಬ್ಬರೂ ಒಂದು ನಿಮಿಷ ನಿಲ್ಲಿ. ನಾನು ನಲವತ್ತು ವರ್ಷ ರೇಡಿಯೊ, ಟಿ.ವಿ. ರಿಪೇರಿ ಮಾಡಿದವನು. ತಾಯಿ, ಹಳದಿ ಮೋಟರಿನ ತಾಮ್ರದ ಕಿವಿಗಳು ಬಹಳ ತೆಳು. ವೈರ್ ಸುತ್ತಿ ಎಳೆದರೆ ಕಿತ್ತು ಬರುತ್ತವೆ, ಆಮೇಲೆ ಮೋಟರನ್ನು ಎಸೆಯಬೇಕು. ಅಲ್ಲಿ ಮಾತ್ರ ಬೆಸುಗೆ ಬೇಕೇ ಬೇಕು, ಯಾವ ಡ್ರೈವರ್ ಕೊಂಡರೂ ಸರಿ. ಸಾಗರದಲ್ಲಿ ಟಿ.ವಿ. ರಿಪೇರಿಯವರು ಯಾರಾದರೂ ಇದ್ದೇ ಇರುತ್ತಾರೆ. ಮಗಳನ್ನು ಕರೆದುಕೊಂಡು ಅವರ ಬಳಿಗೆ ಹೋಗಿ. ನಾಲ್ಕು ವೈರ್ ಹಾಕಲು ಐದು ನಿಮಿಷ ಸಾಕು. ಆ ಐದು ನಿಮಿಷ ಅವಳು ಪಕ್ಕದಲ್ಲಿ ನಿಂತು ನೋಡಲಿ: ಮೊದಲು ಕಿವಿಯನ್ನು ಬಿಸಿ ಮಾಡಬೇಕು, ಆಮೇಲೆ ಸೀಸವನ್ನು ಅದಕ್ಕೆ ತಾಗಿಸಬೇಕು, ಐರನ್ ತುದಿಗಲ್ಲ.

ಪ್ರತಿ ಮೋಟರಿನ ಎರಡು ಕಿವಿಗಳ ನಡುವೆ ‘104’ ಎಂದು ಬರೆದಿರುವ ಒಂದು ಸೆರಾಮಿಕ್ ಕೆಪಾಸಿಟರ್ ಹಾಕಿಸಿ. 0.1 ಮೈಕ್ರೊಫ್ಯಾರಡ್. ಮೋಟರಿನೊಳಗಿನ ಬ್ರಷ್ ಕಿಡಿಯಿಂದಾಗುವ ವಿದ್ಯುತ್ ಗಲಾಟೆ ಬೋರ್ಡಿಗೆ ಹೋಗುವುದನ್ನು ಅದು ತಡೆಯುತ್ತದೆ. ಆ ರಿಪೇರಿಯವರ ಡಬ್ಬಿಯಲ್ಲೇ ಅಂಥವು ನೂರಿರುತ್ತವೆ.

ಹುಬ್ಬಳ್ಳಿ ಡಿಪ್ಲೊಮಾ

ಹಳೆಯ ರೇಡಿಯೊ ಸರ್ ಹೇಳಿದ್ದು ಅಕ್ಷರಶಃ ನಿಜ. ನಮ್ಮ ಕಾಲೇಜಿನ ಪ್ರಾಜೆಕ್ಟ್‌ನಲ್ಲಿ ಮೋಟರ್ ಚಾಲೂ ಆದ ಕೂಡಲೇ ಸೆನ್ಸರ್ ಏನೇನೋ ಅಂಕಿ ತೋರಿಸುತ್ತಿತ್ತು. ಪ್ರೋಗ್ರಾಂ ತಪ್ಪೆಂದು ನಾಲ್ಕು ದಿನ ತಿದ್ದಿದೆವು. ಎರಡು 104 ಹಾಕಿದ ಮೇಲೆ ಸುಮ್ಮನಾಯಿತು.

ಸಾಗರದ ಅಮ್ಮ

ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೇವೆ. ಶುಕ್ರವಾರ ರಾತ್ರಿಯ ರೈಲಿಗೆ ಟಿಕೆಟ್ ಬದಲಾಯಿಸಿದೆ. ಬ್ಯಾಟರಿ ಯಾವುದು? ವಿಡಿಯೊದಲ್ಲಿ ಕೆಲವರು ಚೌಕದ 9 ವೋಲ್ಟ್ ಬ್ಯಾಟರಿ ಹಾಕುತ್ತಾರೆ, ಕೆಲವರು ಲ್ಯಾಪ್‌ಟಾಪ್ ಸೆಲ್ ಎನ್ನುತ್ತಾರೆ.

ಪಿನ್ 13

ಚೌಕದ ಬ್ಯಾಟರಿ ಬೇಡವೇ ಬೇಡ. ಅದು ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನಂಥ ಕಡಿಮೆ ಕರೆಂಟಿನ ಉಪಕರಣಕ್ಕೆ ಮಾಡಿದ್ದು. ಎರಡು ಮೋಟರ್ ಒಟ್ಟಿಗೆ ಎಳೆದರೆ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. ಗಾಡಿ ಒಂದು ಇಂಚು ಚಲಿಸುತ್ತದೆ, ನಿಲ್ಲುತ್ತದೆ, ಮತ್ತೆ ಒಂದು ಇಂಚು. ಎಷ್ಟೋ ಮಕ್ಕಳು ಇಲ್ಲೇ ಬೇಸತ್ತು ಬಿಟ್ಟುಬಿಡುತ್ತಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪೀಣ್ಯ ಬೆಂಚ್

18650 ಲಿಥಿಯಂ ಸೆಲ್ (ನೀವು ಹೇಳಿದ ಲ್ಯಾಪ್‌ಟಾಪ್ ಸೆಲ್ ಅದೇ) ಎರಡು, ಸರಣಿಯಲ್ಲಿ. 7.4 ವೋಲ್ಟ್. ಬೇರೆ ಯೋಚನೆಯೇ ಬೇಡ.

ಮಂಗಳೂರು ಮೇಷ್ಟ್ರು

ಇದನ್ನು ನಾನು ಒಪ್ಪುವುದಿಲ್ಲ. ಹನ್ನೆರಡು ವರ್ಷದಿಂದ ಮಕ್ಕಳಿಗೆ ಇದನ್ನೇ ಕಲಿಸುತ್ತಿದ್ದೇನೆ. ಲಿಥಿಯಂ ಸೆಲ್ ಷಾರ್ಟ್ ಆದರೆ ವೈರ್ ಕೆಂಪಗೆ ಕಾಯ್ದು ಬೆಂಕಿ ಹತ್ತಬಹುದು. ಬಿಡಿ ಸೆಲ್‌ಗೆ ರಕ್ಷಣೆಯ ಸರ್ಕ್ಯೂಟ್ ಬೇರೆ ಬೇಕು, ಚಾರ್ಜರ್ 4.2 ವೋಲ್ಟ್‌ಗೆ ಸರಿಯಾಗಿ ನಿಲ್ಲಬೇಕು. ಮೊದಲ ಸಲ ವೈರ್ ಜೋಡಿಸುವ ಮಗು ಷಾರ್ಟ್ ಮಾಡಿಯೇ ಮಾಡುತ್ತದೆ, ಮಾಡಲೂಬೇಕು, ಹಾಗೆಯೇ ಕಲಿಯುವುದು. ಆ ತಪ್ಪಿಗೆ ಬೆಲೆ ಸಣ್ಣದಿರಬೇಕು.

ರೀಚಾರ್ಜ್ ಆಗುವ ನಿಕಲ್ ಪೆನ್ಸಿಲ್ ಸೆಲ್ ಆರು ತೆಗೆದುಕೊಳ್ಳಿ ಮೇಡಂ, ಎಎ ಗಾತ್ರದ್ದು. ಒಂದಕ್ಕೆ 1.2 ವೋಲ್ಟ್, ಆರಕ್ಕೆ 7.2. ಎಲ್298ಎನ್ 2 ವೋಲ್ಟ್ ತಿಂದರೂ ಮೋಟರಿಗೆ 5 ವೋಲ್ಟ್ ಉಳಿಯುತ್ತದೆ, ಬಿಒ ಮೋಟರಿಗೆ ಹೇಳಿ ಮಾಡಿಸಿದಂತೆ. ನಾಲ್ಕೇ ಸೆಲ್ ಹಾಕಿದರೆ ಗಾಡಿ ತೆವಳುತ್ತದೆ, ಆದ್ದರಿಂದ ಆರು ಸೆಲ್‌ನ ಹೋಲ್ಡರನ್ನೇ ಕೇಳಿ.

ಪೀಣ್ಯ ಬೆಂಚ್

ಮಗುವಿನ ಸುರಕ್ಷತೆಯ ಮಾತು ಬಂದ ಮೇಲೆ ವಾದವಿಲ್ಲ ಮೇಷ್ಟ್ರೇ. ಮೊದಲ ಗಾಡಿಗೆ ನಿಕಲ್ ಇರಲಿ. ಮುಂದೆ ಎಂದಾದರೂ 18650 ಕೊಳ್ಳುವವರಿಗಾಗಿ ಒಂದು ಮಾತು: ಆ ಸಂಖ್ಯೆಯೇ ಅದರ ಅಳತೆ, 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಅದರ ಮೇಲೆ 9,900 ಎಂಎಎಚ್ (ಸೆಲ್ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಎಂದು ಮುದ್ರಿಸಿ ಬೀದಿಯಲ್ಲಿ ಮಾರುತ್ತಾರೆ. ಅದು ಸುಳ್ಳು, ಅಷ್ಟು ಗಾತ್ರದಲ್ಲಿ ಅಷ್ಟು ಶಕ್ತಿ ಹಿಡಿಸುವುದೇ ಇಲ್ಲ. ಒಳ್ಳೆಯ ಸೆಲ್‌ನಲ್ಲಿ 2,000ದಿಂದ 3,500ರವರೆಗೆ ಇರುತ್ತದೆ. ತೂಕ ಹಾಕಿ ನೋಡಿ. ಅಸಲಿ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ, ನಕಲಿ ಹಗುರ.

ರಿಚಿ ಸ್ಟ್ರೀಟ್ ಕನ್ನಡಿಗ

ಚೆನ್ನೈಯಲ್ಲಿರುವ ಕನ್ನಡಿಗರಿಗೆ ರಿಚಿ ಸ್ಟ್ರೀಟ್ ಇದೆ, ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರಸ್ತೆ. ಎಲ್ಲ ಕಡೆಯೂ ನಿಯಮ ಒಂದೇ. ರೆಸಿಸ್ಟರ್ ಒಂದೇ ಒಂದು ಕೇಳಿದರೆ ಕೊಡುವುದಿಲ್ಲ, ಹತ್ತು ಅಥವಾ ನೂರು ತೆಗೆದುಕೊಳ್ಳಬೇಕು. ಮಧ್ಯಾಹ್ನ ಸಗಟು ಗಿರಾಕಿಗಳು ಬಂದ ಮೇಲೆ ನಿಮ್ಮ ಮಾತು ಕೇಳಿಸಿಕೊಳ್ಳುವವರಿಲ್ಲ. ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೇ ಹೋಗಿ.

ಹೊಸ ಓದುಗ

ಯುನೊ ಬೋರ್ಡ್ ನಕಲಿ ಕೊಟ್ಟರೆ? ಅಸಲಿಯನ್ನು ಗುರುತಿಸುವುದು ಹೇಗೆ?

ಪಿನ್ 13

ಇಲ್ಲಿ ‘ನಕಲಿ’ ಎಂಬ ಮಾತನ್ನು ಬಿಡಿಸಿ ನೋಡಬೇಕು. ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ್ದು. ಅದರ ನಕ್ಷೆ ಎಲ್ಲರಿಗೂ ಮುಕ್ತ. ಆ ನಕ್ಷೆ ನೋಡಿ ಬೇರೆಯವರು ಬೋರ್ಡ್ ಮಾಡಿ ಮಾರುವುದು ತಪ್ಪಲ್ಲ. ಅವರ ಹೆಸರು, ಲಾಂಛನ ಹಾಕಿಕೊಂಡು ಮಾರುವುದು ತಪ್ಪು. ಎಸ್.ಪಿ. ರಸ್ತೆಯಲ್ಲಿ 350–400 ರೂಪಾಯಿಗೆ ಸಿಗುವುದು ಆ ಬಗೆಯ ಬೋರ್ಡ್, ಕಲಿಯಲು ಧಾರಾಳ ಸಾಕು. ಅಸಲಿಗೆ ಹಲವು ಪಟ್ಟು ಬೆಲೆ.

ವ್ಯತ್ಯಾಸ ಒಂದೇ. ಇವುಗಳಲ್ಲಿ ಯುಎಸ್‌ಬಿಗೆ ಸಿಎಚ್340 ಎಂಬ ಚಿಪ್ ಇರುತ್ತದೆ. ಕೆಲವು ಕಂಪ್ಯೂಟರ್‌ಗಳು ಅದನ್ನು ತಾವಾಗಿ ಗುರುತಿಸುವುದಿಲ್ಲ, ಅದರ ಡ್ರೈವರನ್ನು (ಇದು ಮೋಟರ್ ಡ್ರೈವರ್ ಅಲ್ಲ, ಕಂಪ್ಯೂಟರಿಗೆ ಹಾಕುವ ತಂತ್ರಾಂಶ) ಬೇರೆಯಾಗಿ ಹಾಕಿಕೊಳ್ಳಬೇಕು.

ಅಡಿಕೆ ತೋಟ

ಯುನೊ ಯಾಕೆ? ಇಎಸ್‌ಪಿ32 ಬೋರ್ಡ್ ಅದೇ ಬೆಲೆಗೆ ವೈಫೈ, ಬ್ಲೂಟೂತ್ ಎರಡನ್ನೂ ಕೊಡುತ್ತದೆ. ನಾನು ತೋಟದ ನೀರಿಗೆ ಅದನ್ನೇ ಹಾಕಿದ್ದೇನೆ.

ಮಂಗಳೂರು ಮೇಷ್ಟ್ರು

ತೋಟಕ್ಕೆ ಅದೇ ಸರಿ. ಆದರೆ ಇಎಸ್‌ಪಿ32 ಪಿನ್‌ಗಳು 3.3 ವೋಲ್ಟಿನವು, ಎಚ್‌ಸಿ-ಎಸ್‌ಆರ್04 ಎಕೋ ಪಿನ್ 5 ವೋಲ್ಟ್ ಕೊಡುತ್ತದೆ. ನೇರ ಜೋಡಿಸಿದರೆ ಬೋರ್ಡಿಗೆ ಅಪಾಯ. 1 ಕಿಲೊ ಓಮ್, 2 ಕಿಲೊ ಓಮ್ ರೋಧಕ ಹಾಕಿ ವೋಲ್ಟೇಜನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಬೇಕು. ಹತ್ತನೆಯ ತರಗತಿಯ ವಿದ್ಯುತ್ ಪಾಠ ಮುಗಿಸಿದವರಿಗೆ ಇದು ಸೊಗಸಾದ ಅಭ್ಯಾಸ, ಎಂಟನೆಯವರಿಗೆ ಯುನೊ ಇರಲಿ.

ಹೊಸ ಓದುಗ

ಮೇಷ್ಟ್ರೇ, ನೀವು ‘ರೋಧಕ’ ಎಂದಿದ್ದು ನೋಡಿ ಸಂತೋಷವಾಯಿತು. ಅಂಗಡಿಯಲ್ಲಿ ಹಾಗೆ ಕೇಳಿದರೆ ಕೊಡುತ್ತಾರೆಯೇ?

ಚಿಕ್ಕಪೇಟೆ ಗಿರಾಕಿ

ಅಂಗಡಿಯಲ್ಲಿ ರೆಸಿಸ್ಟರ್ ಎಂದೇ ಕೇಳಿ. ಆದರೆ ಅಲ್ಲಿ ಕನ್ನಡದಲ್ಲಿ ಮಾತನಾಡಲು ಯಾರೂ ಹಿಂಜರಿಯಬೇಕಾಗಿಲ್ಲ. ಮಾರವಾಡಿ ಅಂಗಡಿಯವರೂ ದಶಕಗಳಿಂದ ಇಲ್ಲಿದ್ದಾರೆ, ಚೆನ್ನಾಗಿ ಕನ್ನಡ ಮಾತನಾಡುತ್ತಾರೆ.

ಮಂಗಳೂರು ಮೇಷ್ಟ್ರು

ನನ್ನ ತರಗತಿಯಲ್ಲಿ ಎರಡೂ ಪದ ಬಳಸುತ್ತೇನೆ. ‘ರೋಧಕ’ ಎಂದಾಗ ಅದು ಏನು ಮಾಡುತ್ತದೆ ಎಂಬುದು ಪದದಲ್ಲೇ ಕಾಣುತ್ತದೆ, ಮಗು ಬೇಗ ಹಿಡಿಯುತ್ತದೆ. ಕೊಳ್ಳುವಾಗ ರೆಸಿಸ್ಟರ್ ಬೇಕು. ಎರಡಕ್ಕೂ ಅದರದರ ಜಾಗವಿದೆ.

ಶಾಲಾ ಪೋಷಕ

ಇಷ್ಟೆಲ್ಲ ಕೊಳ್ಳುವ ಮೊದಲು ಹತ್ತಿರದ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯೇ ವಿಚಾರಿಸಿ. ಕೇಂದ್ರದ ನೀತಿ ಆಯೋಗದ ಯೋಜನೆ, 2016ರಿಂದ ಇದೆ. ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗೆ. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಬೋರ್ಡ್, ಸೆನ್ಸರ್, ಮೋಟರ್ ಎಲ್ಲವೂ ಅಲ್ಲಿರುತ್ತವೆ.

ಹುಬ್ಬಳ್ಳಿ ಡಿಪ್ಲೊಮಾ

ಇರುತ್ತವೆ, ಬೀಗದೊಳಗೆ. ನನ್ನ ತಮ್ಮನ ಶಾಲೆಯಲ್ಲಿ ಪೆಟ್ಟಿಗೆಗಳ ಟೇಪ್ ಎರಡು ವರ್ಷವಾದರೂ ಬಿಚ್ಚಿರಲಿಲ್ಲ. ಕಳೆದುಹೋದರೆ ಲೆಕ್ಕ ಕೊಡುವವರು ಯಾರು ಎಂಬ ಭಯ. ಮಕ್ಕಳ ಕೈಗೆ ಸಿಗದ ಸಾಮಾನಿನಿಂದ ಯಾರಿಗೆ ಏನು ಪ್ರಯೋಜನ? ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಶಾಲಾ ಪೋಷಕ

ಅಂಥ ಕಡೆ ಪೋಷಕರು ಹೋಗಿ ಕೇಳಬೇಕು. ನಾವು ನಾಲ್ವರು ಹೋಗಿ ಕುಳಿತು ಕೇಳಿದ ಮೇಲೆ ನಮ್ಮಲ್ಲಿ ವಾರಕ್ಕೆ ಎರಡು ದಿನ ಬೀಗ ತೆಗೆಯುತ್ತಿದ್ದಾರೆ.

ಸಾಗರದ ಅಮ್ಮ (ಭಾನುವಾರ, ರಾತ್ರಿ 10:25)

ಕೊಂಡು ಬಂದೆವು! ಮಗಳೂ ಜೊತೆಗಿದ್ದಳು. ಹತ್ತೂಮುಕ್ಕಾಲಿಗೆ ಮೊದಲ ಅಂಗಡಿ ಹತ್ತಿದೆವು. ಮೂರು ಕಡೆ ಚೀಟಿ ತೋರಿಸಿದೆವು, ಬೆಲೆಯಲ್ಲಿ ಸುಮಾರು 400 ರೂಪಾಯಿ ವ್ಯತ್ಯಾಸವಿತ್ತು. ಲೆಕ್ಕ ಹೀಗಿದೆ: ಯುನೊ ಮತ್ತು ಕೇಬಲ್ 380, ಎಲ್298ಎನ್ 150, ಸೆನ್ಸರ್ ಎರಡಕ್ಕೆ 180, ಸರ್ವೊ 120, ಚಾಸಿ ಸೆಟ್ 330, ಜಂಪರ್ ವೈರ್ 100, ಹೋಲ್ಡರ್ ಮತ್ತು ಸ್ವಿಚ್ 40, ಮಲ್ಟಿಮೀಟರ್ 250, ಆರು ಸೆಲ್ ಮತ್ತು ಚಾರ್ಜರ್ 1,100. ಒಟ್ಟು 2,650. ಅಂದುಕೊಂಡದ್ದಕ್ಕಿಂತ 150 ಹೆಚ್ಚು.

ಒಂದು ಅಂಗಡಿಯಲ್ಲಿ ಹಿರಿಯರೊಬ್ಬರು ಮಗಳನ್ನೇ ಕೇಳಿದರು, ‘ಇದು ಯಾತಕ್ಕೆ ಬೇಕಮ್ಮ?’ ಅವಳು ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ ಎಂದು ಪೂರ್ತಿ ಹೇಳಿದಳು: ಕಿವಿಗೆ ಕೇಳಿಸದ ಶಬ್ದ ಹೋಗಿ, ಗೋಡೆಗೆ ತಾಗಿ, ತಿರುಗಿ ಬರುತ್ತದೆ, ಆ ಕಾಲದಿಂದ ದೂರ ಲೆಕ್ಕ ಹಾಕುತ್ತೇವೆ ಎಂದು. ಅವರು ಎರಡೂ ಸೆನ್ಸರನ್ನು ತಮ್ಮ ಬೋರ್ಡಿಗೆ ಜೋಡಿಸಿ, ಪರೀಕ್ಷಿಸಿ ಕೊಟ್ಟರು. ದಾರಿಯುದ್ದಕ್ಕೂ ಅವಳು ಅದನ್ನೇ ಹೇಳುತ್ತಿದ್ದಳು.

ಹಳೆಯ ರೇಡಿಯೊ

ಮಲ್ಟಿಮೀಟರ್ ನಾವು ಯಾರೂ ಹೇಳದಿದ್ದರೂ ಕೊಂಡಿದ್ದೀರಿ! ಅದೇ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುವುದು. ಗಾಡಿ ಚಲಿಸದಿದ್ದರೆ ಮೊದಲು ಸೆಲ್ ಅಳೆಯಿರಿ, ಆಮೇಲೆ ಡ್ರೈವರಿನ ಸ್ಕ್ರೂ ಬಳಿ ಅಳೆಯಿರಿ, ಆಮೇಲೆ ಪ್ರೋಗ್ರಾಂ ಅನುಮಾನಿಸಿ. ಬ್ಯಾಟರಿ, ಡ್ರೈವರ್, ಬೋರ್ಡ್ ಮೂರರ ಗ್ರೌಂಡ್ (ಮೈನಸ್ ತುದಿ) ಒಂದಕ್ಕೊಂದು ಸೇರಿರಲೇಬೇಕು. ಇದನ್ನು ಮರೆತವರು ಬಹಳ.

ಸಾಗರದ ಅಮ್ಮ (ಮರು ವಾರ, ಗುರುವಾರ)

ಟಿ.ವಿ. ರಿಪೇರಿಯವರು ಬೆಸುಗೆ ಹಾಕಿದರು, 104 ಕೆಪಾಸಿಟರ್‌ಗೆ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಕೊನೆಯ ಕಿವಿಯನ್ನು ಮಗಳ ಕೈಯಲ್ಲೇ ಹಾಕಿಸಿದರು. ಕಂಪ್ಯೂಟರ್ ಬೋರ್ಡನ್ನು ಗುರುತಿಸಲಿಲ್ಲ, ಸಿಎಚ್340 ಡ್ರೈವರ್ ಹಾಕಿದ ಮೇಲೆ ಗುರುತಿಸಿತು. ಒಂದು ಚಕ್ರ ಹಿಂದಕ್ಕೆ ತಿರುಗುತ್ತಿತ್ತು, ಆ ಮೋಟರಿನ ಎರಡು ವೈರ್ ಅದಲುಬದಲು ಮಾಡಿದೆವು.

ಈಗ ನಿಂತಿರುವುದು ಇಲ್ಲಿ. ಮೋಟರ್ ಮಾತ್ರ ಓಡಿಸಿದರೆ ಸರಿಯಾಗಿ ಓಡುತ್ತದೆ. ಸರ್ವೊದ ಸಾಲುಗಳನ್ನು ಪ್ರೋಗ್ರಾಂಗೆ ಸೇರಿಸಿದ ಕೂಡಲೇ ಸರ್ವೊ ತಿರುಗುತ್ತದೆ, ಮೋಟರ್ ಎರಡೂ ಸ್ತಬ್ಧ. ಸೆಲ್ ಅಳೆದೆ, 7.8 ವೋಲ್ಟ್. ಗ್ರೌಂಡ್ ಎಲ್ಲ ಸೇರಿದೆ. ಮೂರು ದಿನವಾಯಿತು, ಮಗಳು ಮಾತು ಬಿಟ್ಟಿದ್ದಾಳೆ.

ಪೀಣ್ಯ ಬೆಂಚ್

ಎಲ್298ಎನ್‌ನ ಇಎನ್‌ಎ, ಇಎನ್‌ಬಿ (ಎರಡು ಮೋಟರಿನ ವೇಗ ನಿಯಂತ್ರಿಸುವ ಪಿನ್‌ಗಳು) ಯುನೊದ ಯಾವ ಪಿನ್‌ಗೆ ಹೋಗಿವೆ?

ಸಾಗರದ ಅಮ್ಮ

9 ಮತ್ತು 10.

ಪೀಣ್ಯ ಬೆಂಚ್

ಸಿಕ್ಕಿತು. ಯುನೊದಲ್ಲಿ ಸರ್ವೊ ಲೈಬ್ರರಿ (ಸರ್ವೊ ತಿರುಗಿಸುವ ಸಿದ್ಧ ಪ್ರೋಗ್ರಾಂ) ಬೋರ್ಡಿನ ಒಳಗಿನ ಒಂದು ಟೈಮರನ್ನು ತನಗಾಗಿ ತೆಗೆದುಕೊಳ್ಳುತ್ತದೆ. 9 ಮತ್ತು 10ನೆಯ ಪಿನ್‌ಗಳ ವೇಗ ನಿಯಂತ್ರಣವೂ ಅದೇ ಟೈಮರ್ ಮೇಲೆ ನಿಂತಿದೆ. ಸರ್ವೊವನ್ನು ಯಾವ ಪಿನ್‌ಗೆ ಜೋಡಿಸಿದರೂ ಆ ಎರಡು ಪಿನ್‌ಗಳಲ್ಲಿ ವೇಗ ನಿಯಂತ್ರಣ ನಿಂತುಹೋಗುತ್ತದೆ. ಎರಡು ವೈರನ್ನೂ 5 ಮತ್ತು 6ಕ್ಕೆ ಸರಿಸಿ, ಪ್ರೋಗ್ರಾಂನಲ್ಲಿ ಅಂಕಿ ಬದಲಿಸಿ. ನಿಮ್ಮ ಮಗಳ ತಪ್ಪು ಒಂದಿಷ್ಟೂ ಇಲ್ಲ ಎಂದು ಅವಳಿಗೆ ಹೇಳಿ.

ಸಾಗರದ ಅಮ್ಮ (ಗುರುವಾರ, ರಾತ್ರಿ 11:50)

ಓಡಿತು. ಅಡುಗೆಮನೆಯ ಬಾಗಿಲಿನ ತನಕ ಹೋಗಿ ನಿಂತಿತು, ತಲೆ ತಿರುಗಿಸಿ ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಬಲಕ್ಕೆ ಹೊರಟಿತು. ಮಲಗಿದ್ದ ಅತ್ತೆಯನ್ನೂ ಎಬ್ಬಿಸಿ ತೋರಿಸಿದೆವು. ಸೊಳ್ಳೆಪರದೆಗೆ ಮಾತ್ರ ಪ್ರತಿಸಲವೂ ನುಗ್ಗುತ್ತದೆ.

ಮಂಗಳೂರು ಮೇಷ್ಟ್ರು

ಪರದೆಯ ಬಟ್ಟೆ ಶಬ್ದವನ್ನು ಹೀರಿಕೊಳ್ಳುತ್ತದೆ, ತೂತಿನಲ್ಲಿ ದಾಟಿಸಿಯೂ ಬಿಡುತ್ತದೆ, ತಿರುಗಿ ಬರುವುದು ಬಹಳ ಕಡಿಮೆ. ಗೋಡೆಗೆ ಓರೆಯಾಗಿ ಹೋದರೂ ಹೀಗೆಯೇ ಆಗುತ್ತದೆ. ಪ್ರದರ್ಶನದಲ್ಲಿ ದಾರಿಯ ಅಂಚಿಗೆ ರಟ್ಟು ನಿಲ್ಲಿಸಿ, ಬಟ್ಟೆ ಬೇಡ. ಪರದೆಗೆ ಯಾಕೆ ನುಗ್ಗುತ್ತದೆ ಎಂಬುದನ್ನೂ ಅವಳು ಅಲ್ಲಿ ತೋರಿಸಲಿ, ನೋಡುವವರಿಗೆ ಅದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಸಿದ್ದಾಪುರದ ಹುಡುಗ

ಅಕ್ಕಾ, ನಾನು ಒಂಬತ್ತನೆಯ ತರಗತಿ. ಮೂರು ದಿನದಿಂದ ಇದನ್ನೇ ಓದುತ್ತಿದ್ದೇನೆ. ನನ್ನ ಹತ್ತಿರ ಬೋರ್ಡ್ ಇದೆ, ಮೋಟರ್ ಇದೆ. ಸೆನ್ಸರ್ ಸುಟ್ಟುಹೋಗಿದೆ, ಇಲ್ಲಿ ಎಲ್ಲಿಯೂ ಸಿಗುತ್ತಿಲ್ಲ.

ಸಾಗರದ ಅಮ್ಮ

ನಮ್ಮ ಎರಡನೆಯ ಸೆನ್ಸರ್ ಇನ್ನೂ ಪೊಟ್ಟಣದಲ್ಲೇ ಇದೆ, ಪರೀಕ್ಷಿಸಿ ಕೊಟ್ಟದ್ದು. ಮಗಳನ್ನು ಕೇಳಿದೆ, ಕೊಡೋಣ ಎಂದಳು. ಶನಿವಾರ ನಮ್ಮ ಸಂಘದವರೊಬ್ಬರು ಸಿದ್ದಾಪುರಕ್ಕೆ ಬರುತ್ತಾರೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಹೇಳಿ, ಅವರಿಂದಲೇ ನನಗೆ ಖಾಸಗಿ ಸಂದೇಶ ಕಳುಹಿಸು. ಜೋಡಿಸುವ ಮೊದಲು ಹಳೆಯದು ಯಾಕೆ ಸುಟ್ಟಿತು ಎಂದು ಇಲ್ಲಿ ಬರೆ. ಅದರ ಪ್ಲಸ್ ಪಿನ್ನನ್ನು ಯಾವುದಕ್ಕೆ ಕೊಟ್ಟಿದ್ದೆ, 5 ವೋಲ್ಟ್‌ಗೋ, ನೇರ ಬ್ಯಾಟರಿಗೋ?